ತಾಯಿಯ ಎದೆಯ ಬಿಸುಪು ಮತ್ತು ಕೊಪ್ಪಳದ ಲೆಕ್ಕ

ಒಂದು ಕೊಡ ಬಿಸಿನೀರನ್ನೂ ಒಂದು ಲೋಟ ಬಿಸಿನೀರನ್ನೂ ಪಕ್ಕಪಕ್ಕದಲ್ಲಿ ಇಡಿ. ಎರಡರ ಉಷ್ಣತೆಯೂ ಮೊದಲಿಗೆ ಒಂದೇ ಇರಲಿ. ಯಾವುದು ಬೇಗ ಆರುತ್ತದೆ? ಲೋಟದ ನೀರು ಎಂದು ಯಾವ ಹುಡುಗನಾದರೂ ಹೇಳಬಲ್ಲ. ಏಕೆ ಎಂದು ಕೇಳಿದರೆ ಮಾತ್ರ ತುಸು ಯೋಚಿಸಬೇಕಾಗುತ್ತದೆ.

ಈ ಸರಳ ಪ್ರಶ್ನೆಯ ಉತ್ತರದಲ್ಲಿ ನಮ್ಮ ನಾಡಿನ ಸಾವಿರಾರು ನವಜಾತ ಶಿಶುಗಳ ಅಳಿವು ಉಳಿವು ಅಡಗಿದೆ. ಭಾರತದಲ್ಲಿ ತೂಕ ಮಾಡಿದ ಪ್ರತಿ 100 ನವಜಾತ ಶಿಶುಗಳಲ್ಲಿ ಸುಮಾರು 18 ಶಿಶುಗಳ ತೂಕ 2.5 ಕಿಲೋಗ್ರಾಮಿಗಿಂತ ಕಡಿಮೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿತು. ಇಂಥ ಶಿಶುಗಳನ್ನು ಕಾಪಾಡುವ, ಯಂತ್ರವೇ ಬೇಡದ ಒಂದು ವಿಧಾನ ವೈದ್ಯರಿಗೆ ನಾಲ್ಕು ದಶಕಗಳಿಂದ ಗೊತ್ತಿದೆ. ಆದರೆ ಗೊತ್ತಿರುವುದು ಬೇರೆ, ಅದು ಪ್ರತಿಯೊಂದು ಕೂಸಿಗೂ ತಲುಪುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ಅಳೆದು ನೋಡಿದ ಜಾಗಗಳಲ್ಲಿ ನಮ್ಮ ಕೊಪ್ಪಳ ಜಿಲ್ಲೆಯೂ ಒಂದು.

ಪುಟ್ಟ ದೇಹ ಬೇಗ ತಣಿಯುವುದೇಕೆ?

ಬಿಸಿ ವಸ್ತುವಿನಿಂದ ಶಾಖ ಹೊರಹೋಗುವುದು ಅದರ ಮೇಲ್ಮೈ ಮೂಲಕ. ಒಳಗೆ ಸಂಗ್ರಹವಾಗಿರುವ ಶಾಖ ಅದರ ರಾಶಿಯನ್ನು ಅವಲಂಬಿಸಿದೆ. ಒಂದೇ ಆಕಾರದ ಎರಡು ವಸ್ತುಗಳಲ್ಲಿ ಒಂದರ ಉದ್ದ ಇನ್ನೊಂದರ ಎರಡರಷ್ಟಿದ್ದರೆ, ಅದರ ಮೇಲ್ಮೈ ನಾಲ್ಕರಷ್ಟು, ರಾಶಿ ಎಂಟರಷ್ಟು ಇರುತ್ತದೆ. ಎಂದರೆ ವಸ್ತು ಚಿಕ್ಕದಾದಷ್ಟೂ ಅದರ ಪ್ರತಿ ಕಿಲೋಗ್ರಾಮಿಗೆ ಸಿಗುವ ಮೇಲ್ಮೈ ಹೆಚ್ಚು.

ಇದನ್ನು ತಾಯಿ ಮತ್ತು ಕೂಸಿಗೆ ಅನ್ವಯಿಸೋಣ. ತಾಯಿಯ ತೂಕ 48 ಕಿ.ಗ್ರಾಂ., ಕೂಸಿನ ತೂಕ 1.5 ಕಿ.ಗ್ರಾಂ. ಎಂದಿಟ್ಟುಕೊಳ್ಳಿ. ತೂಕದಲ್ಲಿ ತಾಯಿ ಕೂಸಿನ 32 ಪಟ್ಟು. ಇಬ್ಬರ ದೇಹದ ಆಕಾರವೂ ಒಂದೇ ಎಂದು ಭಾವಿಸಿದರೆ ತಾಯಿಯ ಚರ್ಮದ ವಿಸ್ತೀರ್ಣ ಕೂಸಿನದರ ಸುಮಾರು 10 ಪಟ್ಟು ಮಾತ್ರ. 32ನ್ನು 10ರಿಂದ ಭಾಗಿಸಿ. ಪ್ರತಿ ಕಿಲೋಗ್ರಾಂ ತೂಕಕ್ಕೆ ಹೋಲಿಸಿದರೆ ಕೂಸಿನ ಚರ್ಮ ತಾಯಿಯದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಕೂಸಿನ ಆಕಾರ ದೊಡ್ಡವರಂತಿಲ್ಲ ನಿಜ. ಆದರೂ ಲೆಕ್ಕದ ದಿಕ್ಕು ಇದೇ.

ಶಾಖ ಹೊರಹೋಗುವ ದಾರಿಗಳು ನಾಲ್ಕು. ತಣ್ಣನೆಯ ಮೇಜು ಅಥವಾ ತೂಕದ ತಟ್ಟೆ ತಾಗಿದಾಗ ಆಗುವುದು ಉಷ್ಣ ವಹನ. ಕಿಟಕಿಯ ಗಾಳಿ, ಫ್ಯಾನಿನ ಗಾಳಿ ಕೊಂಡೊಯ್ಯುವುದು ಉಷ್ಣ ಸಂವಹನ. ತಾಗದಿದ್ದರೂ ಹತ್ತಿರದ ತಣ್ಣನೆಯ ಗೋಡೆಯ ಕಡೆಗೆ ಶಾಖ ಹರಿಯುವುದು ಉಷ್ಣ ವಿಕಿರಣ. ನಾಲ್ಕನೆಯದು ಆವಿಯಾಗುವಿಕೆ. ಹುಟ್ಟಿದ ಕ್ಷಣದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಅಪಾಯ.

ಇದನ್ನೂ ಲೆಕ್ಕ ಹಾಕಬಹುದು. ದೇಹದ ಉಷ್ಣತೆಯಲ್ಲಿ 1 ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ದೇಹದ ವಿಶಿಷ್ಟೋಷ್ಣ ಸುಮಾರು 0.83. ಹಾಗಾದರೆ 1500 ಗ್ರಾಂ ತೂಕದ ಕೂಸಿನ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಇಳಿಯಬೇಕಾದರೆ ಸುಮಾರು 1245 ಕ್ಯಾಲೊರಿ ನಷ್ಟವಾಗಬೇಕು. ಮೈಮೇಲಿನ ಗರ್ಭಜಲದಲ್ಲಿ ಎರಡು ಗ್ರಾಮಿಗಿಂತ ತುಸು ಹೆಚ್ಚು ಆವಿಯಾಗಿ, ಆ ಶಾಖವೆಲ್ಲ ಕೂಸಿನ ಮೈಯಿಂದಲೇ ಬಂದರೆ ಅಷ್ಟು ನಷ್ಟವಾಯಿತು! ಎರಡು ಗ್ರಾಂ ಎಂದರೆ ಅರ್ಧ ಚಮಚೆಗೂ ಕಡಿಮೆ ನೀರು. ಹುಟ್ಟಿದ ಕೂಡಲೇ ಕೂಸನ್ನು ಒಣ ಬಟ್ಟೆಯಿಂದ ಒರೆಸಬೇಕು, ಮೊದಲ ದಿನ ಸ್ನಾನ ಮಾಡಿಸಬಾರದು ಎಂದು ವೈದ್ಯರು ಒತ್ತಿ ಹೇಳುವುದು ಇದಕ್ಕೇ.

ದೊಡ್ಡವರಿಗೆ ಚಳಿಯಾದರೆ ನಡುಕ ಬರುತ್ತದೆ. ಸ್ನಾಯುಗಳು ಶಾಖ ಉತ್ಪಾದಿಸುತ್ತವೆ. ನವಜಾತ ಶಿಶುವಿಗೆ ಈ ನಡುಕದ ಸೌಲಭ್ಯ ಇಲ್ಲವೆನ್ನುವಷ್ಟು ಕಡಿಮೆ. ಅದರ ಬದಲಿಗೆ ಹೆಗಲು, ಕತ್ತು, ಮೂತ್ರಪಿಂಡಗಳ ಸುತ್ತ 'ಕಂದು ಕೊಬ್ಬು' ಎಂಬ ವಿಶೇಷ ಅಂಗಾಂಶವಿದ್ದು, ಅದು ಉರಿದು ಶಾಖ ನೀಡುತ್ತದೆ. ಇದು ಸಂಗ್ರಹವಾಗುವುದು ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ. ಅವಧಿಗೆ ಮುನ್ನ ಹುಟ್ಟಿದ ಕೂಸಿನಲ್ಲಿ ಈ ಇಂಧನ ಇನ್ನೂ ತುಂಬಿರುವುದಿಲ್ಲ.

ನವಜಾತ ಶಿಶುವಿನ ಸಹಜ ಉಷ್ಣತೆ 36.5ರಿಂದ 37.5 ಡಿಗ್ರಿ ಸೆ. 36.5ಕ್ಕಿಂತ ಇಳಿದರೆ ಅದು ಶೀತಸ್ಥಿತಿ. 32ಕ್ಕಿಂತ ಇಳಿದರೆ ತೀವ್ರ ಶೀತಸ್ಥಿತಿ. ತಣಿದ ಕೂಸು ಮೈ ಕಾಯಿಸಿಕೊಳ್ಳಲು ತನ್ನಲ್ಲಿರುವ ಸಕ್ಕರೆಯನ್ನೂ ಆಮ್ಲಜನಕವನ್ನೂ ಖರ್ಚು ಮಾಡುತ್ತದೆ. ರಕ್ತದಲ್ಲಿ ಗ್ಲೂಕೋಸ್ ಇಳಿಯುತ್ತದೆ, ಉಸಿರಾಟ ಕಷ್ಟವಾಗುತ್ತದೆ, ಮೊಲೆ ಚೀಪುವ ಶಕ್ತಿ ಕುಂದುತ್ತದೆ. ಹಾಲು ಸಿಗದೆ ಮೈ ಇನ್ನಷ್ಟು ತಣಿಯುತ್ತದೆ. ಇದೊಂದು ವಿಷವರ್ತುಲ.

ಬೊಗೋಟಾದಿಂದ ಬಂದ ಉಪಾಯ

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ರಾಜಧಾನಿ ಬೊಗೋಟಾದಲ್ಲಿ, ಬಡವರೇ ಹೆಚ್ಚಾಗಿ ಬರುತ್ತಿದ್ದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರುಗಳ ಕೊರತೆಯಿತ್ತು. ಒಂದೇ ಪೆಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಕೂಸುಗಳು. ಒಂದರ ಸೋಂಕು ಇನ್ನೊಂದಕ್ಕೆ. 1978ರಲ್ಲಿ ಅಲ್ಲಿನ ವೈದ್ಯ ಎಡ್ಗರ್ ರೇ ಒಂದು ಉಪಾಯ ಹೂಡಿದರು: ಕೂಸನ್ನು ತಾಯಿಯ ಎದೆಗೇ ಕಟ್ಟಿದರು. ಮರುವರ್ಷ ಅವರ ಜೊತೆಗೂಡಿದ ಹೆಕ್ಟರ್ ಮಾರ್ಟಿನೆಜ್ ಅದನ್ನು ಮುಂದುವರಿಸಿದರು. ಕಾಂಗರೂ ತನ್ನ ಮರಿಯನ್ನು ಚೀಲದಲ್ಲಿಟ್ಟುಕೊಳ್ಳುವುದನ್ನು ಹೋಲುವುದರಿಂದ ಇದಕ್ಕೆ 'ಕಾಂಗರೂ ಮದರ್ ಕೇರ್' ಎಂಬ ಹೆಸರು ಬಂತು. ನಾವು ಇದನ್ನು ಕಾಂಗರೂ ಆರೈಕೆ ಎನ್ನೋಣ.

ವಿಧಾನ ಸರಳ. ಕೂಸಿಗೆ ಟೊಪ್ಪಿಗೆ, ಕಾಲುಚೀಲ, ಕೆಳಗೊಂದು ಬಟ್ಟೆ ಮಾತ್ರ. ತಾಯಿಯ ಎರಡು ಸ್ತನಗಳ ನಡುವೆ ಅದನ್ನು ನೆಟ್ಟಗೆ, ಎದೆಗೆ ಎದೆ ತಾಗುವಂತೆ ಮಲಗಿಸಬೇಕು. ಕೈಕಾಲು ಕಪ್ಪೆಯಂತೆ ಮಡಚಿರಬೇಕು. ಉಸಿರಿಗೆ ಅಡ್ಡಿಯಾಗದಂತೆ ತಲೆ ಒಂದು ಪಕ್ಕಕ್ಕೆ ತಿರುಗಿ, ತುಸು ಮೇಲೆತ್ತಿರಬೇಕು. ಮೇಲಿನಿಂದ ಹತ್ತಿ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಕಟ್ಟಬೇಕು. ತಾಯಿ ಒರಗಿ ಕೂರಬಹುದು, ಎದ್ದು ಓಡಾಡಬಹುದು. ಇದರ ಇನ್ನೊಂದು ಅರ್ಧ ಎದೆಹಾಲು. ಕೂಸಿಗೆ ತಾಯಿಯ ಹಾಲು ಮಾತ್ರ ಕೊಡಬೇಕು. ಚೀಪಲಾರದ ಕೂಸಿಗೆ ಹಾಲು ಹಿಂಡಿ ಒಳಲೆಯಿಂದ ಕುಡಿಸಬಹುದು. ನಮ್ಮ ಅಜ್ಜಿಯರು ಬಳಸುತ್ತಿದ್ದ ಅದೇ ಒಳಲೆ ಇಂದು ಆಸ್ಪತ್ರೆಯ ನವಜಾತ ಶಿಶು ಘಟಕಗಳಲ್ಲೂ ಇದೆ.

ಭೌತವಿಜ್ಞಾನದ ದೃಷ್ಟಿಯಿಂದ ನೋಡಿ. ಗಾಳಿಗೆ ಒಡ್ಡಿಕೊಂಡ ಮೇಲ್ಮೈಯ ಒಂದು ದೊಡ್ಡ ಭಾಗ ಈಗ ಸುಮಾರು 37 ಡಿಗ್ರಿಯ ಇನ್ನೊಂದು ದೇಹಕ್ಕೆ ಅಂಟಿಕೊಂಡಿದೆ. ಶಾಖ ಕಳೆದುಕೊಳ್ಳುವ ಚರ್ಮವೇ ಶಾಖ ಪಡೆಯುವ ಚರ್ಮವಾಯಿತು. ಲೋಟವನ್ನು ಕೊಡದ ಒಳಗೇ ಇಟ್ಟಂತೆ!

ಇದರ ಫಲವನ್ನು ದೊಡ್ಡ ಪ್ರಯೋಗಗಳಲ್ಲಿ ಪರೀಕ್ಷಿಸಲಾಗಿದೆ. ಹರಿಯಾಣದ ಹಳ್ಳಿಗಳಲ್ಲಿ 1.5ರಿಂದ 2.25 ಕಿ.ಗ್ರಾಂ. ತೂಕದ 8402 ಶಿಶುಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನ ಮನೆಗಳಿಗೆ ಹೋಗಿ ಕಾಂಗರೂ ಆರೈಕೆ ಕಲಿಸಲಾಯಿತು. ಆ ಗುಂಪಿನಲ್ಲಿ ಮೊದಲ 28 ದಿನಗಳ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು ಎಂದು 2019ರಲ್ಲಿ ವರದಿಯಾಯಿತು. ಇನ್ನೊಂದು ಪ್ರಯೋಗ ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಮತ್ತು ಭಾರತದ ಐದು ಆಸ್ಪತ್ರೆಗಳಲ್ಲಿ, 1ರಿಂದ 1.8 ಕಿಲೋಗ್ರಾಮಿನೊಳಗಿನ 3211 ಶಿಶುಗಳ ಮೇಲೆ ನಡೆಯಿತು. ಕೂಸು ಚೇತರಿಸಿಕೊಳ್ಳಲಿ ಎಂದು ಕಾಯದೆ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಆರಂಭಿಸಿದಾಗ ಸಾವು ಶೇ. 12.0; ಕಾದು ಆರಂಭಿಸಿದಾಗ ಶೇ. 15.7. ಲಾಭ ಸ್ಪಷ್ಟವಾಗಿದ್ದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ವ್ಯತ್ಯಾಸ 100ಕ್ಕೆ 3.7. ಬೇರೆ ಮಾತಿನಲ್ಲಿ, 27 ಕೂಸುಗಳಿಗೆ ಹೀಗೆ ಮಾಡಿದರೆ ಒಂದು ಹೆಚ್ಚುವರಿ ಜೀವ ಉಳಿಯುತ್ತದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವಧಿಗೆ ಮುನ್ನ ಹುಟ್ಟಿದ ಅಥವಾ ಕಡಿಮೆ ತೂಕದ ಎಲ್ಲ ಶಿಶುಗಳಿಗೂ, ಹುಟ್ಟಿದಷ್ಟು ಬೇಗ, ದಿನಕ್ಕೆ 8ರಿಂದ 24 ಗಂಟೆ ಈ ಆರೈಕೆ ನೀಡಬೇಕೆಂದು ಶಿಫಾರಸು ಮಾಡಿತು.

ಗುಣಾಕಾರದ ಕಠಿಣ ನಿಯಮ

ಇಷ್ಟು ತಿಳಿದ ಮೇಲೆ ಎಲ್ಲ ಆಸ್ಪತ್ರೆಗಳಿಗೂ ಸುತ್ತೋಲೆ ಕಳಿಸಿದರೆ ಕೆಲಸ ಮುಗಿಯಿತಲ್ಲವೆ? ಇಲ್ಲ. ಭಾರತ ಸರ್ಕಾರ 2014ರಲ್ಲೇ ಕಾಂಗರೂ ಆರೈಕೆಗೆ ಮಾರ್ಗಸೂಚಿ ಹೊರಡಿಸಿತ್ತು. ಮಾರ್ಗಸೂಚಿ ಮತ್ತು ಕೂಸಿನ ನಡುವೆ ಹಲವು ಮೆಟ್ಟಿಲುಗಳಿವೆ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಂದು ಪ್ರದೇಶದಲ್ಲಿ ಈ ಆರೈಕೆ ಬೇಕಾದ 100 ಕೂಸುಗಳಿವೆ. ಹುಟ್ಟಿದಾಗ ಸರಿಯಾಗಿ ತೂಕ ಮಾಡಿ ಗುರುತಿಸುವುದು ಶೇ. 90. ಗುರುತಿಸಿದವುಗಳಲ್ಲಿ ಸೌಲಭ್ಯವಿರುವ ಆಸ್ಪತ್ರೆ ಮುಟ್ಟುವುದು ಶೇ. 90. ಮುಟ್ಟಿದವುಗಳಲ್ಲಿ ಆರೈಕೆ ಶುರುವಾಗುವುದು ಶೇ. 90. ಶುರುವಾದವುಗಳಲ್ಲಿ ದಿನಕ್ಕೆ ಎಂಟು ಗಂಟೆ ಪೂರೈಸುವುದು ಶೇ. 80. ಮನೆಗೆ ಹೋದ ಮೇಲೂ ಮುಂದುವರಿಯುವುದು ಶೇ. 70. ಪ್ರತಿ ಮೆಟ್ಟಿಲಿನಲ್ಲೂ ಒಳ್ಳೆಯ ಅಂಕಗಳೇ. ಆದರೆ ಇವುಗಳನ್ನು ಕೂಡುವಂತಿಲ್ಲ, ಗುಣಿಸಬೇಕು: 0.9 × 0.9 × 0.9 × 0.8 × 0.7 = 0.41. ಕೊನೆಗೆ ಪೂರ್ಣ ಲಾಭ ಪಡೆದ ಕೂಸುಗಳು 100ರಲ್ಲಿ 41 ಮಾತ್ರ.

ಒಂದು ಚಿಕಿತ್ಸೆ ಪ್ರಯೋಗದಲ್ಲಿ ಎಷ್ಟು ಫಲ ಕೊಡಬಲ್ಲದು ಎಂಬುದು ಅದರ ಸಾಮರ್ಥ್ಯ. ಊರಿನಲ್ಲಿ, ದಿನನಿತ್ಯದ ಪರಿಸ್ಥಿತಿಯಲ್ಲಿ ಎಷ್ಟು ಫಲ ಕೊಟ್ಟಿತು ಎಂಬುದು ಅದರ ಪರಿಣಾಮಕಾರಿತ್ವ. ಮೊದಲನೆಯದನ್ನು ಹೆಚ್ಚಿಸಲು ಹೊಸ ಔಷಧ, ಹೊಸ ಯಂತ್ರ ಬೇಕಾಗಬಹುದು. ಎರಡನೆಯದನ್ನು ಹೆಚ್ಚಿಸಲು ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಹೀಗೆ ಹುಡುಕುವ ಶಾಸ್ತ್ರಕ್ಕೆ 'ಅನುಷ್ಠಾನ ಸಂಶೋಧನೆ' ಎನ್ನುತ್ತಾರೆ.

ನಾಲ್ಕು ತಾಲ್ಲೂಕುಗಳ ಜಿಲ್ಲೆ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯಲ್ಲಿ ಬಹುಕಾಲ ನಾಲ್ಕೇ ತಾಲ್ಲೂಕುಗಳಿದ್ದವು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. 2018ರಲ್ಲಿ ಕಾರಟಗಿ, ಕನಕಗಿರಿ, ಕುಕನೂರು ಹೊಸ ತಾಲ್ಲೂಕುಗಳಾದವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 13,89,920. ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ಕುಷ್ಟಗಿ, ಯಲಬುರ್ಗಾದ ಕಡೆ ಮಳೆಯನ್ನೇ ನಂಬಿದ ಬೇಸಾಯ. ಮಳೆ ಕೈಕೊಟ್ಟ ವರ್ಷ ಗುಳೆ. ಒಂದೇ ಜಿಲ್ಲೆಯಾದರೂ ಬಾಣಂತಿಯ ಮನೆಯ ಪರಿಸ್ಥಿತಿ ಒಂದೇ ಅಲ್ಲ.

ತಾಯಿ-ಮಗುವಿನ ಆರೋಗ್ಯದ ವಿಷಯದಲ್ಲಿ ಕೊಪ್ಪಳಕ್ಕೆ ಸಂಶೋಧಕರು ಬಂದುದು ಅದೇ ಮೊದಲಲ್ಲ. ಬೆಂಗಳೂರಿನ ಭಾರತೀಯ ಪ್ರಬಂಧನ ಸಂಸ್ಥೆಯ ಗೀತಾ ಸೆನ್, ಅದಿತಿ ಅಯ್ಯರ್ ಮೊದಲಾದವರು 2000ದ ದಶಕದಿಂದಲೇ ಇಲ್ಲಿ ಕೆಲಸ ಮಾಡಿದ್ದರು. ಬಾಣಂತಿಯರ ಸಾವಿನ ಬಗ್ಗೆ ಮನೆಯವರನ್ನೇ ವಿವರವಾಗಿ ಕೇಳಿ, ಎಲ್ಲಿ ಏನು ತಪ್ಪಿತು ಎಂದು ಗುರುತಿಸಿ, 2012ರಲ್ಲಿ ಪ್ರಕಟಿಸಿದರು. ಅದೇ ಹೊತ್ತಿಗೆ ಕೊಪ್ಪಳವೂ ಸೇರಿದಂತೆ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ 'ಸುಕ್ಷೇಮ' ಯೋಜನೆ ನಡೆದಿತ್ತು. ಅನುಭವಿ ದಾದಿಯರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೇ ಹೋಗಿ, ಅಲ್ಲಿನ ದಾದಿಯರ ಪಕ್ಕದಲ್ಲಿ ನಿಂತು ಕೆಲಸ ಕಲಿಸುವುದು ಅದರ ಒಂದು ಮುಖ್ಯ ಅಂಗವಾಗಿತ್ತು.

ಇದರ ಮುಂದಿನ ಹೆಜ್ಜೆಯೇ ಕಾಂಗರೂ ಆರೈಕೆಯ ಅಧ್ಯಯನ. 2010ರ ದಶಕದ ಉತ್ತರಾರ್ಧದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಥಿಯೋಪಿಯದ ನಾಲ್ಕು ಮತ್ತು ಭಾರತದ ಮೂರು ತಾಣಗಳಲ್ಲಿ ಇದನ್ನು ಸಂಘಟಿಸಿತು. ಭಾರತದ ತಾಣಗಳು ಹರಿಯಾಣ, ಉತ್ತರ ಪ್ರದೇಶ ಮತ್ತು ಕರ್ನಾಟಕದಲ್ಲಿದ್ದವು. ಕರ್ನಾಟಕದ ತಾಣ ಕೊಪ್ಪಳ ಜಿಲ್ಲೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಸರ್ಕಾರದ ಆರೋಗ್ಯ ವ್ಯವಸ್ಥೆ ಇಲ್ಲಿ ಕೈಜೋಡಿಸಿದವು.

ಛೇದದಲ್ಲಿ ಯಾರಿದ್ದಾರೆ?

ಈ ಅಧ್ಯಯನದ ವಿಶೇಷ ಅದರ ಭಿನ್ನರಾಶಿಯ ಛೇದದಲ್ಲಿದೆ. ಸಾಮಾನ್ಯವಾಗಿ ಆಸ್ಪತ್ರೆಯೊಂದು ತನ್ನ ಸಾಧನೆ ಹೇಳುವಾಗ ತನ್ನ ಬಾಗಿಲಿಗೆ ಬಂದ ಕೂಸುಗಳನ್ನು ಮಾತ್ರ ಛೇದದಲ್ಲಿ ಇಡುತ್ತದೆ. ಬಾರದೇ ಉಳಿದ ಕೂಸು ಲೆಕ್ಕಕ್ಕೇ ಸಿಗುವುದಿಲ್ಲ. ಇಲ್ಲಿ ಹಾಗಲ್ಲ. ಅಧ್ಯಯನ ಪ್ರದೇಶದಲ್ಲಿ ವಾಸವಿರುವ ತಾಯಂದಿರಿಗೆ ಹುಟ್ಟಿದ, 2000 ಗ್ರಾಮಿಗಿಂತ ಕಡಿಮೆ ತೂಕದ, ಮೊದಲ ಮೂರು ದಿನ ಬದುಕುಳಿದು ಅಲ್ಲೇ ಇದ್ದ ಎಲ್ಲ ಕೂಸುಗಳೂ ಛೇದದಲ್ಲಿದ್ದವು. ಎರಡೂ ದೇಶಗಳಲ್ಲಿ ಸೇರಿ ಇಂಥ 3804 ಶಿಶುಗಳು.

ಮಾದರಿಗೆ ಮೂರು ಅಂಗಗಳು. ಒಂದು, ಕೂಸು ಕಾಂಗರೂ ಆರೈಕೆಯ ಸೌಲಭ್ಯವಿರುವ ಆಸ್ಪತ್ರೆಯನ್ನು ತಲುಪುವಂತೆ ಮಾಡುವುದು. ಎರಡು, ಆಸ್ಪತ್ರೆಯಲ್ಲಿ ಅದನ್ನು ಆರಂಭಿಸಿ ಮುಂದುವರಿಸುವುದು. ಮೂರು, ಮನೆಗೆ ಹೋದ ಮೇಲೆ ಬೆಂಬಲ ಕೊಡುವುದು. ಮೊದಲು ತೊಡಕುಗಳೇನೆಂದು ಜನರನ್ನೂ ಸಿಬ್ಬಂದಿಯನ್ನೂ ಕೇಳಿ ತಿಳಿದು ಒಂದು ಮಾದರಿ ರೂಪಿಸಿದರು. ಅದನ್ನು ನಡೆಸಿ, ಅಳೆದು, ತಿದ್ದಿದರು. ಹೀಗೆ ಮೂರು ಸುತ್ತು. ವಿಜ್ಞಾನದ ವಿದ್ಯಾರ್ಥಿಗೆ ಇದು ಪರಿಚಿತ ಕ್ರಮವೇ: ಊಹೆ, ಪರೀಕ್ಷೆ, ತಿದ್ದುಪಡಿ. ಪ್ರಯೋಗಶಾಲೆ ಮಾತ್ರ ಇಲ್ಲಿ ಒಂದು ಇಡೀ ಜಿಲ್ಲೆ.

2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಭಾರತದ ತಾಣಗಳಲ್ಲಿ ಶೇ. 87ರಷ್ಟು ಕೂಸುಗಳಿಗೆ ಕಾಂಗರೂ ಆರೈಕೆ ಆರಂಭವಾಗಿತ್ತು. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುಂಚಿನ 24 ಗಂಟೆಗಳಲ್ಲಿ ಅದು ಮುಂದುವರಿದಿದ್ದುದು ಶೇ. 55ರಷ್ಟು ಕೂಸುಗಳಿಗೆ. ಮನೆಗೆ ಹೋಗಿ ಏಳು ದಿನಗಳಾದ ಮೇಲೆ ನೋಡಿದಾಗ ಎರಡೂ ದೇಶಗಳ ಹೆಚ್ಚಿನ ತಾಣಗಳಲ್ಲಿ ಶೇ. 53ರಿಂದ 65. ಎರಡು ತಾಣಗಳು ಮಾತ್ರ ಹಿಂದುಳಿದಿದ್ದವು: ಇಥಿಯೋಪಿಯದ ಒರೊಮಿಯಾ ಶೇ. 38, ನಮ್ಮ ಕರ್ನಾಟಕ ಶೇ. 36.

ಈ 36ನ್ನು ಎರಡು ಬಗೆಯಲ್ಲಿ ಓದಬಹುದು. ಇಡೀ ಪ್ರದೇಶದ ಅತಿ ಚಿಕ್ಕ ಕೂಸುಗಳಲ್ಲಿ ಮೂರಕ್ಕೆ ಒಂದಕ್ಕಿಂತ ಹೆಚ್ಚು ಮನೆಯಲ್ಲೂ ತಾಯಿಯ ಎದೆಯ ಮೇಲಿದ್ದವು ಎಂಬುದು ಸಣ್ಣ ಸಾಧನೆಯಲ್ಲ. ಆದರೆ ಆಸ್ಪತ್ರೆಯಲ್ಲಿ ಕಟ್ಟಿದ ಗಂಟು ಮನೆಯ ಹೊಸ್ತಿಲಲ್ಲಿ ಸಡಿಲವಾಯಿತು ಎಂಬುದೂ ನಿಜ. ಈ ಸೋರಿಕೆಯ ಜಾಗವನ್ನು ತೋರಿಸಿಕೊಟ್ಟದ್ದೇ ಅಧ್ಯಯನದ ದೊಡ್ಡ ಉಪಯೋಗ. ಬಾಗಿಲಿಗೆ ಬಂದವರನ್ನಷ್ಟೇ ಎಣಿಸಿ, 87ಕ್ಕೇ ನಿಲ್ಲಿಸಿದ್ದರೆ ಅದು ಎಂದೂ ಕಾಣುತ್ತಿರಲಿಲ್ಲ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಇಲ್ಲಿ ಅಳೆದದ್ದು ಆರೈಕೆ ಎಷ್ಟು ಕೂಸುಗಳಿಗೆ ತಲುಪಿತು ಎಂಬುದನ್ನು. ಎಷ್ಟು ಸಾವು ತಪ್ಪಿತು ಎಂಬುದನ್ನಲ್ಲ. ಇವೆರಡೂ ಸದಾ ಜೊತೆಯಾಗಿ ನಡೆಯುವುದಿಲ್ಲ. ಹೆರಿಗೆಯ ವೇಳೆ ದಾದಿಯರು ಮಾಡಬೇಕಾದ ಕೆಲಸಗಳ ಪಟ್ಟಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿ, 2010ರಲ್ಲಿ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ಪರೀಕ್ಷಿಸಿತ್ತು. 29 ಕೆಲಸಗಳಲ್ಲಿ ಸರಾಸರಿ 10 ಮಾತ್ರ ಆಗುತ್ತಿದ್ದುದು 25ಕ್ಕೇರಿತು. ಅದೇ ಪಟ್ಟಿಯನ್ನು ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಪರೀಕ್ಷಿಸಿದಾಗ ದಾದಿಯರ ಕೆಲಸ ಸುಧಾರಿಸಿತು, ಸಾವಿನ ಪ್ರಮಾಣ ಮಾತ್ರ ಇಳಿಯಲಿಲ್ಲ ಎಂದು 2017ರಲ್ಲಿ ತಿಳಿಯಿತು. ಸರಪಳಿಯ ಒಂದೆರಡು ಕೊಂಡಿ ಗಟ್ಟಿಯಾದರೆ ಸಾಲದು. ಕಾಂಗರೂ ಆರೈಕೆಯ ಮಟ್ಟಿಗೆ ಸಾವು ಇಳಿಯುತ್ತದೆ ಎಂಬುದಕ್ಕೆ ಬೇರೆ ಪ್ರಯೋಗಗಳ ಆಧಾರವಿದೆ. ಉಳಿದಿರುವುದು ಅದನ್ನು ಪೂರ್ತಿಯಾಗಿ ತಲುಪಿಸುವ ಕೆಲಸ.

ಹೊಸ್ತಿಲಿನ ಈಚೆ

ಮನೆಯಲ್ಲಿ ಏನಾಗುತ್ತದೆ? ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಊಹಿಸುವುದು ಕಷ್ಟವಲ್ಲ. ಆಸ್ಪತ್ರೆಯಲ್ಲಿ ತಾಯಿಗೆ ಬೇರೆ ಕೆಲಸವಿರಲಿಲ್ಲ. ಮನೆಯಲ್ಲಿ ದೊಡ್ಡ ಮಗುವಿದೆ, ಒಲೆಯಿದೆ, ನೀರು ತರುವುದಿದೆ. ಒಂದೇ ಕೋಣೆಯ ಮನೆಯಲ್ಲಿ ಮಾವ, ಮೈದುನ ಓಡಾಡುವಾಗ ಕುಪ್ಪಸ ಬಿಚ್ಚಿ ಕೂಸನ್ನು ಎದೆಗೆ ಕಟ್ಟಿಕೊಳ್ಳಲು ಸಂಕೋಚ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ 'ಇಷ್ಟು ಸೆಕೆಯಾಗ ಕೂಸಿಗೆ ಮತ್ತೆಂಥಾ ಬಿಸುಪು ಬೇಕ್ರಿ?' ಎಂಬ ಪ್ರಶ್ನೆ. ಸಣ್ಣ ಕೂಸನ್ನು ಹೆಚ್ಚು ಮುಟ್ಟಬಾರದು ಎಂಬ ಹಿರಿಯರ ಕಾಳಜಿ. ಚೊಚ್ಚಲ ಹೆರಿಗೆಯಾದರೆ ತವರುಮನೆ. ಅಲ್ಲಿಂದ ಗಂಡನ ಮನೆಗೆ ಬಂದಾಗ ಬೇರೆ ಊರು, ಬೇರೆ ಆಶಾ ಕಾರ್ಯಕರ್ತೆ.

ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವುದು, ಕೂಸಿಗೆ ಕುಂಚಿಗೆ ಹಾಕುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ. ಕೂಸು ಬೆಚ್ಚಗಿರಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಕುಂಚಿಗೆ ಒಳ್ಳೆಯದೇ, ತಲೆಯಿಂದ ಹೋಗುವ ಶಾಖವನ್ನು ಅದು ತಡೆಯುತ್ತದೆ. ಆದರೆ ಮುಚ್ಚಿದ ಕೋಣೆಯ ಕೆಂಡದ ಹೊಗೆ ಕೂಸಿನ ಎಳೆಯ ಶ್ವಾಸಕೋಶಕ್ಕೆ ಹಾನಿ. ಇನ್ನೊಂದು ಅಂಶವನ್ನೂ ನೆನಪಿಡಬೇಕು. ಬಟ್ಟೆ ಶಾಖವನ್ನು ಉತ್ಪಾದಿಸುವುದಿಲ್ಲ, ಇರುವುದನ್ನು ತಡೆದಿಡುತ್ತದೆ ಅಷ್ಟೆ. ಶಾಖವನ್ನೇ ಸರಿಯಾಗಿ ಉತ್ಪಾದಿಸಲಾರದ ಕೂಸಿಗೆ ಎಷ್ಟು ಬಟ್ಟೆ ಸುತ್ತಿದರೂ ಸಾಲದು. ಅದಕ್ಕೆ ಶಾಖದ ಮೂಲವೇ ಬೇಕು. ಹೊಗೆಯಿಲ್ಲದ, ಸುಡದ ಮೂಲ ತಾಯಿಯ ಮೈ.

ತಾಯಿಯೊಬ್ಬಳೇ ಎಂಟು ಗಂಟೆ ಕೂರಬೇಕೆಂದೇನೂ ಇಲ್ಲ. ಅವಳು ಊಟ ಸ್ನಾನಕ್ಕೆ ಎದ್ದಾಗ ಅಜ್ಜಿ, ದೊಡ್ಡಮ್ಮ, ಕೂಸಿನ ತಂದೆ ಯಾರಾದರೂ ಎದೆಗೆ ಕಟ್ಟಿಕೊಳ್ಳಬಹುದು. ಒಂದು ಬಾರಿಗೆ ಕನಿಷ್ಠ ಒಂದು ಗಂಟೆಯಾದರೂ ಇರಬೇಕು. ಪದೇ ಪದೇ ಎತ್ತಿ ಇಳಿಸಿದರೆ ಕೂಸಿಗೆ ದಣಿವು. ಮನೆಯ ಕೆಲಸದಲ್ಲಿ ಇನ್ನೆರಡು ಕೈ ಸೇರಿದರೆ ಅದೇ ಇಲ್ಲಿ ಔಷಧ. ಹೀಗಾಗಿ ಬಿಡುಗಡೆಗೆ ಮುಂಚೆ ತಾಯಿಗೆ ಮಾತ್ರವಲ್ಲ, ಅತ್ತೆಗೂ ಗಂಡನಿಗೂ ಕಲಿಸುವುದು ಮುಖ್ಯವಾಗುತ್ತದೆ.

ಆಶಾ ಕಾರ್ಯಕರ್ತೆಯ ಮನೆ ಭೇಟಿ ಇನ್ನೊಂದು ಕೊಂಡಿ. ರಾಷ್ಟ್ರೀಯ ಕಾರ್ಯಕ್ರಮದಂತೆ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಅವರು 3, 7, 14, 21, 28 ಮತ್ತು 42ನೆಯ ದಿನ ನೋಡಬೇಕು. ತೂಕ, ಉಷ್ಣತೆ ಅಳೆಯಬೇಕು. ಆ ಭೇಟಿಯಲ್ಲಿ 'ಕೂಸು ಹುಷಾರೈತೇನ್ರಿ?' ಎಂದು ಕೇಳುವ ಜೊತೆಗೆ 'ನಿನ್ನೆ ಎದೆ ಮ್ಯಾಲೆ ಎಷ್ಟು ತಾಸು ಇತ್ತು?' ಎಂಬ ಒಂದು ಪ್ರಶ್ನೆ ಸೇರಿದರೆ ಅದು ಪರಿಣಾಮಕಾರಿತ್ವದ ಅಳತೆಯೇ ಆಗುತ್ತದೆ.

ತರಗತಿಯಲ್ಲಿ ಏನು ಮಾಡಬಹುದು?

ಈ ವಿಷಯ ಆಸ್ಪತ್ರೆಯವರದು ಮಾತ್ರ ಎಂದು ಶಿಕ್ಷಕರು ಭಾವಿಸಬೇಕಾಗಿಲ್ಲ. ಒಂದೇ ಆಕಾರದ, ಬೇರೆ ಗಾತ್ರದ ಎರಡು ಸ್ಟೀಲ್ ಡಬ್ಬಿಗಳಲ್ಲಿ 50 ಡಿಗ್ರಿಯ ನೀರು ತುಂಬಿ, ಐದು ನಿಮಿಷಕ್ಕೊಮ್ಮೆ ಉಷ್ಣತೆ ಬರೆದು ನಕ್ಷೆ ಎಳೆಯಿರಿ. ಚಿಕ್ಕ ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ ಮತ್ತೊಮ್ಮೆ ಮಾಡಿ. ಒಣ ಬಟ್ಟೆ ಸುತ್ತಿ ಮಾಡಿ. ಕೊನೆಗೆ ಚಿಕ್ಕ ಡಬ್ಬಿಯನ್ನು ದೊಡ್ಡದಕ್ಕೆ ಒತ್ತಿ ಕಟ್ಟಿ, ಎರಡನ್ನೂ ಸೇರಿಸಿ ಒಂದೇ ಬಟ್ಟೆ ಸುತ್ತಿ ಮಾಡಿ. ನಾಲ್ಕು ರೇಖೆಗಳು ನಕ್ಷೆಯ ಮೇಲೆ ಬಂದಾಗ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಗುಣಾಕಾರದ ಪಾಠಕ್ಕೂ ಶಾಲೆಯಲ್ಲೇ ಉದಾಹರಣೆಯಿದೆ. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ತೆಗೆದುಕೊಳ್ಳಿ. ಮಾತ್ರೆ ಶಾಲೆಗೆ ಬಂದ ವಾರಗಳೆಷ್ಟು, ಆ ದಿನ ಹಾಜರಿದ್ದವರೆಷ್ಟು, ಕೈಗೆ ತೆಗೆದುಕೊಂಡವರೆಷ್ಟು, ನಿಜವಾಗಿ ನುಂಗಿದವರೆಷ್ಟು? ಹೆಸರು ಬರೆಯದೆ ಎಣಿಸಿ, ಗುಣಿಸಿ ನೋಡಿ. ಇದು ಬರೀ ಲೆಕ್ಕವೂ ಅಲ್ಲ. ಹದಿಹರೆಯದಲ್ಲೇ ಆಗುವ ಗರ್ಭಧಾರಣೆ ಮತ್ತು ರಕ್ತಹೀನತೆ, ಇವೆರಡೂ ಕಡಿಮೆ ತೂಕದ ಕೂಸು ಹುಟ್ಟುವ ಸಂಭವವನ್ನು ಹೆಚ್ಚಿಸುತ್ತವೆ. ಇಂದು ಒಂಬತ್ತನೆಯ ತರಗತಿಯಲ್ಲಿ ಕುಳಿತಿರುವ ಹುಡುಗಿ ಶಾಲೆ ಬಿಡದೆ ಮುಂದೆ ಓದಿದರೆ, ಅವಳ ರಕ್ತದಲ್ಲಿ ಕಬ್ಬಿಣಾಂಶ ಸಾಕಷ್ಟಿದ್ದರೆ, ಮುಂದೆ ಅವಳ ಕೂಸಿಗೆ ಕಾಂಗರೂ ಆರೈಕೆಯ ಅಗತ್ಯವೇ ಬಾರದಿರಬಹುದು.

ಬಂದರೂ ಅವಳಿಗೆ, ಅವಳ ಜೊತೆ ಓದಿದ ಹುಡುಗನಿಗೆ, ಲೋಟದ ನೀರು ಏಕೆ ಬೇಗ ಆರಿತು ಎಂಬುದು ನೆನಪಿರಲಿ. ಕೊಪ್ಪಳದ 36 ಹೆಚ್ಚಬೇಕಾದುದು ಅಂಥ ಮನೆಗಳಲ್ಲೇ.